ಬಿಸಿಲಿದ್ದರೂ ಹೊಳೆ ಏರುತ್ತದೆ

ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ಊಟಿಗೆ ಹೊರಟ ನಮ್ಮವರ ಗಾಡಿಗಳು ಮೈಸೂರು ದಾಟಿ ನಂಜನಗೂಡಿಗೆ ಬರುವಾಗ ಹೆಚ್ಚಾಗಿ ಮಧ್ಯಾಹ್ನ ಆಗಿರುತ್ತದೆ. ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್ ಇರುವುದರಿಂದ ಎಲ್ಲರಿಗೂ ಗಡಿಬಿಡಿ. ಆದರೂ ಕಪಿಲಾ ಹೊಳೆ ಕಂಡ ಕೂಡಲೇ ಗಾಡಿ ನಿಲ್ಲುತ್ತದೆ. ಡಿಕ್ಕಿಯಿಂದ ಚಾಪೆ, ಬಿರಿಯಾನಿ ಪಾತ್ರೆ, ನೀರಿನ ಕ್ಯಾನ್ ಇಳಿಯುತ್ತವೆ. ಮಕ್ಕಳು ಚಪ್ಪಲಿ ಬಿಟ್ಟು ನೀರಿಗೆ ಓಡುತ್ತಾರೆ. "ನೇತ್ರಾವತಿ ಬದಿಯಲ್ಲಿ ಹುಟ್ಟಿದವರಿಗೆ ಹೊಳೆ ಎಂತ ಹೊಸತಾ ಮಾರಾಯ್ರೆ?" ಎಂದು ದೊಡ್ಡವರು ನೆರಳು ಹುಡುಕಿ ಕೂರುತ್ತಾರೆ.

ಈ ಕಡೆಯ ಮದ್ರಸಕ್ಕೆ ಪಾಠ ಮಾಡಲು ಬಂದು ವರ್ಷಗಳಾದರೂ ನಾವು ಕೂಡ ಹಾಗೆಯೇ ಇದ್ದೆವು. ಊರಿಂದ ನೆಂಟರು ಬಂದರೆ ತಿ.ನರಸೀಪುರಕ್ಕೆ ಕರೆದುಕೊಂಡು ಹೋಗುವುದು, ಕಬಿನಿಯು ಕಾವೇರಿಯನ್ನು ಸೇರುವ ಜಾಗ ತೋರಿಸುವುದು, ಅಲ್ಲಿಂದ ಸ್ವಲ್ಪ ಕೆಳಗೆ ಮರದಡಿ ಕೂತು ಊಟ ಮಾಡುವುದು. ಇಷ್ಟೇ ನಮ್ಮ ಪಿಕ್‌ನಿಕ್. ಎರಡು ವರ್ಷದ ಹಿಂದೆ ಒಂದು ದಿನ ಈ ಊಟ ಅರ್ಧದಲ್ಲೇ ನಿಂತಿತು.

ಅದು ಬಕ್ರೀದ್ ಮುಗಿದ ವಾರ, ಜೂನ್ ತಿಂಗಳು. ತಂಗಿಯ ಮನೆಮಂದಿ ಬಂದಿದ್ದರು. ಊರಲ್ಲಿ ಜಡಿಮಳೆ, ಇಲ್ಲಿ ಮಾತ್ರ ಒಳ್ಳೆ ಬಿಸಿಲು. ಹೊಳೆಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಪಾದ ಮುಚ್ಚುವಷ್ಟು ನೀರು. ತಂಗಿಯ ಮಗ, ಆಗ ಹನ್ನೊಂದು ವರ್ಷದವನು, ಅಲ್ಲಿ ನಿಂತು ತಟ್ಟೆ ತೊಳೆಯುತ್ತಿದ್ದ. ನಮ್ಮ ಊಟ ಮುಗಿಯುವಷ್ಟರಲ್ಲಿ ನೀರು ಅವನ ಮೊಣಕಾಲಿಗೆ ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಪಾಚಿ ಹಿಡಿದ ಕಲ್ಲಿನಿಂದ ಕಾಲು ಜಾರಿದ ಸದ್ದು ಕೂಡ ಕೇಳಲಿಲ್ಲ. ತಿರುಗಿ ನೋಡುವಾಗ ತಟ್ಟೆ ತೇಲಿಕೊಂಡು ಹೋಗುತ್ತಿತ್ತು, ಹುಡುಗನ ತಲೆ ಅದರ ಹಿಂದೆ ಎರಡು ಮಾರು ದೂರದಲ್ಲಿತ್ತು.

ಭಾವ ನೀರಿಗೆ ಹಾರಲು ಹೊರಟರು. ಅವರಿಗೆ ಈಜು ಬರುವುದಿಲ್ಲ. ಅಷ್ಟರಲ್ಲಿ ಕೆಳಗಡೆ ಬಲೆ ಬಿಡಿಸುತ್ತಿದ್ದ ತೆಪ್ಪದವರೊಬ್ಬರು ತೆಪ್ಪ ತಿರುಗಿಸಿ ಹುಟ್ಟು ಚಾಚಿದರು. ಹುಡುಗ ಅದನ್ನು ಹಿಡಿದುಕೊಂಡ. ಅಲ್‌ಹಮ್ದುಲಿಲ್ಲಾಹ್, ಅವನು ಉಳಿದ. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು. ದಡಕ್ಕೆ ಬಂದ ಮೇಲೆ ಆ ತೆಪ್ಪದವರು ಬೈಯಲಿಲ್ಲ. ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಹುಡುಗನ ತಲೆ ಒರೆಸುತ್ತಾ ಹೇಳಿದರು: "ವಯನಾಡಲ್ಲಿ ಮಳೆ ಹುಯ್ತಾ ಅದೆ ಸಾಮಿ. ಮೇಲಿಂದ ನೀರು ಬುಟ್ಟವ್ರೆ. ಇಲ್ಲಿ ಬಿಸಿಲು ನೋಡ್ಕಂಡು ಇಳುದ್ರೆ ಆಯ್ತದಾ?"

ಆ ಒಂದು ಮಾತು ನಮಗೆ ಈ ಹೊಳೆಯ ಮೊದಲ ಪಾಠ.

ಈ ಹೊಳೆಯ ಲೆಕ್ಕ ಬೇರೆ

ನಮ್ಮ ಕರಾವಳಿಯಲ್ಲಿ ನೇತ್ರಾವತಿ, ಫಲ್ಗುಣಿ ತುಂಬುವಾಗ ಮಳೆ ನಮ್ಮ ತಲೆ ಮೇಲೆಯೇ ಸುರಿಯುತ್ತಿರುತ್ತದೆ. ಆ ಮಳೆಯಲ್ಲಿ ಹೊಳೆಗೆ ಇಳಿಯಬೇಡ ಎಂದು ಉಮ್ಮಂದಿರು ಹೇಳಬೇಕಾಗಿಯೇ ಇಲ್ಲ, ಕಣ್ಣಿಗೇ ಕಾಣುತ್ತದೆ. ಆದರೆ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಪನಮರಂ ಹೊಳೆ ಮತ್ತು ಮಾನಂತವಾಡಿ ಹೊಳೆ ಸೇರಿ ಕಬಿನಿ ಆಗುತ್ತದೆ. ಅದು ಎಚ್.ಡಿ. ಕೋಟೆ ತಾಲೂಕಿನ ಅಣೆಕಟ್ಟಿಗೆ ಬಂದು, ನಂಜನಗೂಡು ದಾಟಿ, ತಿ.ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನಲ್ಲಿ ಹಿಡಿಯುವುದು 19.52 ಟಿಎಂಸಿ ನೀರು. ಕೆಆರ್‌ಎಸ್‌ನಲ್ಲಿ 49.45 ಟಿಎಂಸಿ ಹಿಡಿಯುತ್ತದೆ. ಅಂದರೆ ಕಬಿನಿಯ ಕೊಡ ಸಣ್ಣದು, ಅದಕ್ಕೆ ಸುರಿಯುವ ವಯನಾಡಿನ ಮಳೆ ದೊಡ್ಡದು. ಕೊಡ ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದ ನೀರನ್ನು ಹೊರಗೆ ಬಿಡಲೇಬೇಕು.

2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಹೊರಗೆ ಮಲ್ಲನಮೂಲೆ ಬಳಿ ಊಟಿ ಹೆದ್ದಾರಿಯ ಮೇಲೆಯೇ ಹೊಳೆ ನೀರು ನಿಂತದ್ದು ಈ ಭಾಗದವರಿಗೆ ನೆನಪುಂಟು. ನೀರು ಬಿಡುವ ಮೊದಲು ಸಾಮಾನ್ಯವಾಗಿ ಪತ್ರಿಕೆಯಲ್ಲಿ ಬರುತ್ತದೆ, ಹೊಳೆ ಬದಿಯ ಊರುಗಳಲ್ಲಿ ಮೈಕಿನಲ್ಲಿ ಹೇಳುತ್ತಾರೆ. ಸ್ಥಳೀಯರು ಅದನ್ನು ಕೇಳಿ ದನ, ಪಂಪ್‌ಸೆಟ್ ಮೇಲೆ ತರುತ್ತಾರೆ. ಹೊರಗಿಂದ ಬಂದು ಚಾಪೆ ಹಾಸಿದವರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಆ ದಿನ ನಮಗೂ ಗೊತ್ತಿರಲಿಲ್ಲ. ತಪ್ಪು ಹೊಳೆಯದ್ದಲ್ಲ, ಒಂದು ಮಾತು ವಿಚಾರಿಸದ ನಮ್ಮದೇ.

ಅಳಿಯ ಮನೆಗೆ ಹೋದ. ಜ್ವರ ಬಂತು, ಹೋಯಿತು. ಆದರೆ ಹೆದರಿಕೆ ಹೋಗಲಿಲ್ಲ. ಪಳ್ಳಿಯ ಹೌಳ್ ಹತ್ತಿರ ಕೂತು ವುಳೂ ಮಾಡಲು ಅವನು ಒಪ್ಪುತ್ತಿರಲಿಲ್ಲ. ಮೂಲೆಯ ನಲ್ಲಿ ಖಾಲಿಯಾಗುವ ತನಕ ಕಾಯುತ್ತಿದ್ದ. ಜೊತೆಯ ಮಕ್ಕಳು ನಗಾಡಿದರು. ತಂಗಿಯಂತೂ "ನನ್ನ ಮಕ್ಕಳು ಇನ್ನು ನೀರಿನ ಹತ್ತಿರ ಹೋಗುವುದೇ ಬೇಡ" ಎಂದು ತೀರ್ಮಾನ ಮಾಡಿಬಿಟ್ಟಳು. ಹೊಳೆ ಬದಿಯ ಊರಿನಲ್ಲಿ ಮನೆ ಇಟ್ಟುಕೊಂಡು ಈ ತೀರ್ಮಾನ ಎಷ್ಟು ದಿನ ನಡೆದೀತು? ಇವತ್ತು ಉಮ್ಮನ ಮಾತು ಕೇಳುವ ಹುಡುಗ ನಾಲ್ಕು ವರ್ಷ ಕಳೆದು ಗೆಳೆಯರ ಬೈಕಿನಲ್ಲಿ ಹೊಳೆಗೆ ಹೋಗುತ್ತಾನೆ. ಆಗ ಅವನಿಗೆ ಈಜೂ ಬರುವುದಿಲ್ಲ, ನೀರಿನ ಗುಣವೂ ಗೊತ್ತಿರುವುದಿಲ್ಲ. ನಮಗೆ ಹೆದರಿಕೆ ಇದ್ದದ್ದು ಅದರದ್ದು.

ಕಾಡಿನಲ್ಲಿ ಟೆಂಟ್ ಹಾಕುವುದು ಎಲ್ಲೆಂದರಲ್ಲಿ ಅಲ್ಲ

ಹೋದ ಚಳಿಗಾಲದ ಶಾಲಾ ರಜೆಯಲ್ಲಿ ಮಕ್ಕಳು ಹೊಸ ಹಠ ಹಿಡಿದರು. ಮೊಬೈಲಿನಲ್ಲಿ ನೋಡಿದ್ದಾರೆ: ಹಳ್ಳದ ಬದಿ, ಕಾಡು, ಟೆಂಟ್, ಬೆಂಕಿ. "ಮಾಮ, ಒಂದು ಟೆಂಟ್ ತೆಗೊಳ್ಳುವಾ, ಎಲ್ಲಿಯಾದ್ರೂ ಹಾಕುವಾ." ಅಂಗಡಿಯಲ್ಲಿ ಟೆಂಟ್ ಸಿಗುತ್ತದೆ, ಆದರೆ ಕಾಡಿನಲ್ಲಿ ಹಾಕುವ ಹಕ್ಕು ಅದರೊಟ್ಟಿಗೆ ಸಿಗುವುದಿಲ್ಲ. ಮೀಸಲು ಅರಣ್ಯಕ್ಕೆ, ಅಭಯಾರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗಿ ಬೆಂಕಿ ಹಾಕಿ ಮಲಗುವುದು ಅಪರಾಧ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡೂ ಅಲ್ಲಿ ಉಂಟು. ಕೇಸು ಆಗುವುದು ಒಂದು ಕಡೆ. ಆನೆ ನೀರಿಗೆ ಇಳಿಯುವ ದಾರಿಯಲ್ಲಿ ಮಕ್ಕಳನ್ನು ಮಲಗಿಸಿದ ಹಾಗೆ ಆಗುವುದು ಇನ್ನೊಂದು ಕಡೆ.

ಹಾಗಾಗಿ ಸರಕಾರದ್ದೇ ಆದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ಕ್ಯಾಂಪ್ ನೋಡಿದೆವು. 1980ರಲ್ಲಿ ಶುರುವಾದ ಈ ಸಂಸ್ಥೆ ಕಾವೇರಿ ದಡದಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬಲ್ಲಿ ಹೊಳೆಬದಿಯ ಕ್ಯಾಂಪುಗಳನ್ನು ಬೆಳೆಸಿದೆ. ನಾವು ಆರಿಸಿದ್ದು ಭೀಮೇಶ್ವರಿ. ಕಾರಣ ಎರಡು. ಅಲ್ಲಿ ಹೊಳೆಯನ್ನು ಬಲ್ಲ ಸಿಬ್ಬಂದಿ ಇರುತ್ತಾರೆ, ಲೈಫ್ ಜಾಕೆಟ್ ಇರುತ್ತದೆ. ಎರಡನೆಯದು, ನಂಜನಗೂಡು, ತಿ.ನರಸೀಪುರ ದಾಟಿ ಹೋದ ನೀರೇ ಅಲ್ಲಿ ಹರಿಯುವುದು. ಅಳಿಯನನ್ನು ಎಳೆದ ಅದೇ ಹೊಳೆಯನ್ನು ಅವನಿಗೆ ಇನ್ನೊಂದು ಮುಖದಿಂದ ತೋರಿಸುವ ಆಸೆ.

ತಂಗಿಯನ್ನು ಒಪ್ಪಿಸಲು ಹತ್ತು ದಿನ ಹಿಡಿಯಿತು. "ಹುಡುಗ ಬೇಡ ಎಂದರೆ ನೀರಿಗೆ ಇಳಿಸುವುದಿಲ್ಲ" ಎಂದು ಮಾತು ಕೊಟ್ಟ ಮೇಲೆ ಹೊರಟೆವು. ಎರಡು ಮನೆ, ಎರಡು ಗಾಡಿ, ಒಂಬತ್ತು ಜನ.

ತಿ.ನರಸೀಪುರದಿಂದ ಸೋಮನಾಥಪುರ, ಬನ್ನೂರು, ಕಿರುಗಾವಲು, ಮಳವಳ್ಳಿ, ಹಲಗೂರು. ಕಿರುಗಾವಲು ಅಂದರೆ ನೂರಾರು ದೇಸಿ ಭತ್ತದ ತಳಿ ಮತ್ತು ಹಳೆ ಮಾವಿನ ತೋಟ ಉಳಿಸಿಕೊಂಡು ಬಂದ ರೈತ ಸೈಯದ್ ಘನಿ ಖಾನ್ ಅವರ ಊರು. ದಾರಿ ಉದ್ದಕ್ಕೂ ನಾಲೆ, ಗದ್ದೆ, ಕಬ್ಬು. ಹಲಗೂರಿನಿಂದ ಮುತ್ತತ್ತಿ ರಸ್ತೆ ಹಿಡಿದ ಮೇಲೆ ಹಸಿರು ಕಡಿಮೆಯಾಗಿ ಕುರುಚಲು ಕಾಡು ಶುರುವಾಗುತ್ತದೆ. ನಮ್ಮ ಚಾರ್ಮಾಡಿಯ ಕಾಡಿನ ಹಾಗೆ ಕತ್ತಲೆ ಕಾಡಲ್ಲ, ಒಣ ಕಾಡು. ಈ ಕಾಡಿಗೆ ಮುಖ್ಯವಾಗಿ ನೀರು ಕೊಡುವುದು ನಡುವೆ ಹರಿಯುವ ಕಾವೇರಿ. ಇದು 1987ರಲ್ಲಿ ಘೋಷಣೆಯಾಗಿ, ಈಗ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಬೆಳೆದಿರುವ ಕಾವೇರಿ ವನ್ಯಜೀವಿಧಾಮ.

ಕೊಂಬೆಯ ಮೇಲಿನ ಪ್ಲಾಸ್ಟಿಕ್

ಕ್ಯಾಂಪ್ ಎಂದರೆ ದೊಡ್ಡ ಹೊಟೇಲ್ ಎಂದು ಯಾರೂ ಭಾವಿಸಬೇಡಿ. ದಡದ ಉದ್ದಕ್ಕೂ ದೊಡ್ಡ ದೊಡ್ಡ ಮರಗಳು, ಅವುಗಳ ಅಡಿಯಲ್ಲಿ ಟೆಂಟ್ ಮತ್ತು ಮರದ ಗುಡಿಸಲು. ಟೆಂಟಿನ ಒಳಗೆ ಮಂಚ, ಹಿಂದೆ ಬಾತ್‌ರೂಂ. ಮರದಿಂದ ಮರಕ್ಕೆ ಕಟ್ಟಿದ ಬಲೆ ಜೋಕಾಲಿ. ಊಟಕ್ಕೆ ಗೋಲ್ ಘರ್ ಎಂಬ ದುಂಡನೆಯ ಚಪ್ಪರ. ಟಿವಿ ಇಲ್ಲ. ಹೆಂಗಸರಿಗೆ ಸಂಕೋಚ ಇಲ್ಲದೆ ಕೂರಲು ಜಾಗ ಉಂಟು, ಅಷ್ಟು ಸಾಕಾಯಿತು.

ಹೋದ ಕೂಡಲೇ ಅಲ್ಲಿಯ ಗೈಡ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೆಲವು ಮಾತು ಹೇಳಿದರು. ನೀರಿನಲ್ಲಿ ಮೊಸಳೆ ಇದೆ, ಅವರು ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ಇಳಿಯುವ ಹಾಗಿಲ್ಲ. ಜಾಕೆಟ್ ಹಾಕದವರು ತೆಪ್ಪ ಹತ್ತುವ ಹಾಗಿಲ್ಲ. ಕತ್ತಲಾದ ಮೇಲೆ ದಡಕ್ಕೆ ಹೋಗುವ ಹಾಗಿಲ್ಲ, ಆನೆ ನೀರಿಗೆ ಬರುವ ಹೊತ್ತು. ಆಮೇಲೆ ಮೇಲಕ್ಕೆ ಕೈ ತೋರಿಸಿ, "ಅದೇನು ಹೇಳಿ ನೋಡೋಣ" ಎಂದರು.

ತಲೆ ಎತ್ತಿ ನೋಡಿದೆವು. ದಡದ ಹೊಳೆಮತ್ತಿ ಮರದ ಕೊಂಬೆಯಲ್ಲಿ, ನಮ್ಮ ತಲೆಗಿಂತ ತುಂಬಾ ಮೇಲೆ, ಹರಿದ ಪ್ಲಾಸ್ಟಿಕ್ ಚೀಲ, ಬಟ್ಟೆಯ ಚೂರು, ಒಣಗಿದ ಹುಲ್ಲು ಸಿಕ್ಕಿಹಾಕಿಕೊಂಡಿತ್ತು. ಮಕ್ಕಳು ಒಬ್ಬೊಬ್ಬರು ಒಂದೊಂದು ಹೇಳಿದರು. ಮಂಗ ತಂದದ್ದು, ಗಾಳಿಗೆ ಹಾರಿ ಬಂದದ್ದು.

"ಹೋದ ಮಳೆಗಾಲದಲ್ಲಿ ನೀರು ಅಲ್ಲೀ ತನಕ ಬಂದಿತ್ತು" ಎಂದರು ಅವರು. "ನೀರು ಇಳೀತು, ಕಸ ಅಲ್ಲೇ ಉಳೀತು."

ಅಳಿಯ ಮೊದಲ ಸಲ ಬಾಯಿ ಬಿಟ್ಟ. "ಅದು ಎಲ್ಲಿಂದ ಬಂದದ್ದು?"

"ನೀವು ಎಲ್ಲಿಂದ ಬಂದ್ರಿ?"

"ನಂಜನಗೂಡಿಂದ."

"ಹಂಗಾದ್ರೆ ಅದೂ ಅಲ್ಲಿಂದ್ಲೇ ಬಂದಿರ್ಬೌದು" ಎಂದು ಅವರು ನಕ್ಕರು.

ನಮಗೆ ನಗು ಬರಲಿಲ್ಲ. ಸಂಗಮದ ಕೆಳಗೆ ಎಷ್ಟು ಸಲ ಊಟ ಮಾಡಿದ್ದೇವೆ, ಎಷ್ಟು ತಟ್ಟೆ, ಎಷ್ಟು ಲೋಟ, ಎಷ್ಟು ಕವರ್ ಅಲ್ಲೇ ಬಿಟ್ಟಿದ್ದೇವೆ. ಗಾಳಿಗೆ ಹೋಯಿತು, ನೀರಿಗೆ ಹೋಯಿತು ಎಂದರೆ ನಮ್ಮ ಪಾಲಿಗೆ ಮುಗಿಯಿತು. ಅದು ತಲಕಾಡು, ಶಿವನಸಮುದ್ರ ದಾಟಿ ಇಲ್ಲಿ ಒಂದು ಮರದ ಕೊಂಬೆಯಲ್ಲಿ ನೇತಾಡುತ್ತದೆ ಎಂದು ಯಾರು ಯೋಚಿಸುತ್ತಾರೆ? ಆ ಕೊಂಬೆ ಎರಡು ಸಂಗತಿ ಒಟ್ಟಿಗೆ ತೋರಿಸುತ್ತಿತ್ತು. ಹೊಳೆ ಎಷ್ಟು ಎತ್ತರಕ್ಕೆ ಏರುತ್ತದೆ, ಮತ್ತು ಮೇಲಿನವರು ಏನನ್ನು ಬಿಟ್ಟು ಕಳಿಸುತ್ತಾರೆ.

ಅದೇ ಮರದಲ್ಲಿ ಒಂದು ದೊಡ್ಡ ಗೂಡೂ ಇತ್ತು. ಬೂದು ಬಣ್ಣದ ದೊಡ್ಡ ಅಳಿಲಿನದ್ದು. ಸಾಧಾರಣ ಅಳಿಲಲ್ಲ, ಬಾಲ ಸೇರಿದರೆ ಎರಡು ಅಡಿಗೂ ಮೇಲೆ. ಕರ್ನಾಟಕದಲ್ಲಿ ಇದು ಇರುವುದು ಈ ಕಾವೇರಿ ದಡದ ಕಾಡಿನಲ್ಲಿ. ಹೊಳೆಮತ್ತಿ, ಹುಣಸೆ ಮರಗಳೇ ಅದರ ಮನೆ. ದಡದ ಮರ ಹೋದರೆ ಅಳಿಲೂ ಹೋಯಿತು.

ಕಬಿನಿಯಲ್ಲಿ ಸಿಕ್ಕಿದ 120 ಪೌಂಡಿನ ಮೀನು

ರಾತ್ರಿ ಊಟ ಆಗಿ ಕ್ಯಾಂಪಿನವರೇ ಹಾಕಿಕೊಟ್ಟ ಬೆಂಕಿಯ ಸುತ್ತ ಕೂತೆವು. ಕತ್ತಲಲ್ಲಿ ಹೊಳೆ ಕಾಣುವುದಿಲ್ಲ, ಕಲ್ಲಿಗೆ ಬಡಿಯುವ ಸದ್ದು ಮಾತ್ರ. ಅಳಿಯ ಉಮ್ಮನ ಪಕ್ಕಕ್ಕೆ ಒತ್ತಿ ಕೂತಿದ್ದ. ಮಾತು ಮೀನಿನ ಕಡೆಗೆ ತಿರುಗಿತು. ಬ್ಯಾರಿಗಳು ಕೂತಲ್ಲಿ ಮೀನಿನ ಮಾತು ಬಾರದೆ ಇರುತ್ತದಾ?

ಈ ಕ್ಯಾಂಪುಗಳು ಹೆಸರು ಮಾಡಿದ್ದೇ ಮೀನಿನಿಂದ. ಕಾವೇರಿಯ ಮಹಶೀರ್ ಗಾಳಕ್ಕೆ ಸಿಗುವ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು. 1919ರಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಒಬ್ಬ ಬ್ರಿಟಿಷ್ ಅಧಿಕಾರಿಯ ಗಾಳಕ್ಕೆ ಸಿಕ್ಕಿತ್ತು. ಆ ದಾಖಲೆ ಮುರಿದದ್ದು 1946ರಲ್ಲಿ, ಅದೂ ನಮ್ಮ ಕಬಿನಿಯಲ್ಲಿ. ಮೈಸೂರಿನಲ್ಲಿ ಸತ್ತ ಪ್ರಾಣಿಗಳ ಚರ್ಮ ತುಂಬಿಸಿ ಜೀವಂತ ಇರುವ ಹಾಗೆ ನಿಲ್ಲಿಸುವುದರಲ್ಲಿ ಪ್ರಸಿದ್ಧರಾದ ವ್ಯಾನ್ ಇಂಗೆನ್ ಮನೆತನದ ಒಬ್ಬರು 120 ಪೌಂಡಿನ ಮೀನು ಹಿಡಿದರು. ನಮ್ಮ ಲೆಕ್ಕದಲ್ಲಿ 54 ಕಿಲೋ, ಒಬ್ಬ ಆಳಿನ ತೂಕ. ನಂಜನಗೂಡಿನ ಸೇತುವೆ ದಾಟುವಾಗ ಕೆಳಗೆ ನೋಡಿದರೆ ಇದು ಆ ಹೊಳೆಯೇ ಎಂದು ನಂಬಲಿಕ್ಕೆ ಆಗುವುದಿಲ್ಲ.

ಆ ಮೀನಿಗೆ ಎಂತ ಆಯಿತು? ಅಣೆಕಟ್ಟುಗಳು ಅದು ಮೊಟ್ಟೆ ಇಡಲು ಮೇಲೆ ಹೋಗುವ ದಾರಿ ಕಟ್ಟಿದವು. ಮರಳು ತೆಗೆದದ್ದು, ತೋಟೆ ಹಾಕಿ ಮೀನು ಹಿಡಿದದ್ದು, ಕೊಳಕು ನೀರು ಎಲ್ಲ ಸೇರಿತು. ಮೀನು ಹೆಚ್ಚಾಗಲಿ ಎಂಬ ಒಳ್ಳೆ ಉದ್ದೇಶದಿಂದ ಹೊರಗಿನ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಬಿಟ್ಟದ್ದೂ ಇದಕ್ಕೆ ಮುಳುವಾಯಿತು. 2018ರಲ್ಲಿ ವಿಜ್ಞಾನಿಗಳು ಕಾವೇರಿಯ ಈ ಡುಬ್ಬದ ಮಹಶೀರ್ 'ಟಾರ್ ರೆಮಾದೇವಿ' ಎಂಬ ಜಾತಿ ಎಂದು ಗುರುತಿಸಿದರು. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಅದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಿಂದೆ ಇಲ್ಲಿ ಗಾಳ ಹಾಕಿ, ತೂಕ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಈಗ ಅಭಯಾರಣ್ಯದೊಳಗೆ ಅದೂ ನಿಂತಿದೆ.

ಮಕ್ಕಳಿಗೆ ಆ ರಾತ್ರಿ ಇನ್ನೊಂದು ಕಥೆ ಹೇಳಿದೆವು. ಮುಂಬೈಯ ಬೊಹ್ರಾ ಮುಸ್ಲಿಂ ಮನೆಯಲ್ಲಿ 1896ರಲ್ಲಿ ಹುಟ್ಟಿದ ಸಲೀಂ ಅಲಿ ಅವರದ್ದು. ಸಣ್ಣ ಪ್ರಾಯದಲ್ಲೇ ತಂದೆ ತಾಯಿ ಇಲ್ಲದಾಗಿ ಮಾಮನ ಮನೆಯಲ್ಲಿ ಬೆಳೆದ ಹುಡುಗ. ಮುಂದೆ ಭಾರತದ ಹಕ್ಕಿಗಳನ್ನು ಅವರಷ್ಟು ಬಲ್ಲವರು ಇಲ್ಲ ಎಂಬಲ್ಲಿಗೆ ಬಂದರು. 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಈ ಕಾಡುಗಳಲ್ಲೆಲ್ಲ ಬಿಡಾರ ಹೂಡಿ ತಿರುಗಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅದನ್ನು ಕಾಪಾಡಬೇಕೆಂದು ಒಡೆಯರ್ ಸರಕಾರಕ್ಕೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು. ಅವರ ಕ್ಯಾಂಪಿಂಗ್ ಎಂದರೆ ಬೆಳಗಾಗುವ ಮುಂಚೆ ಏಳುವುದು, ಸದ್ದು ಮಾಡದೆ ಕೂರುವುದು, ಕಂಡದ್ದನ್ನು ಬರೆದಿಡುವುದು. ಸ್ಪೀಕರ್ ಹಾಕಿ ಹಾಡುವುದಲ್ಲ.

"ಅವರಿಗೆ ಈಜು ಬರ್ತಿತ್ತಾ ಮಾಮ?" ಎಂದು ಅಳಿಯ ಕೇಳಿದ. ನಾವು ಆ ಪ್ರಶ್ನೆಗೆ ತಯಾರಿರಲಿಲ್ಲ. ಆದರೆ ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ಗೊತ್ತಾಯಿತು.

ಬೆಳಗ್ಗೆ ಹೊಳೆಯಲ್ಲಿ

ಸುಬಹಿಗೆ ಎದ್ದಾಗ ಚಳಿ. ಹೊಳೆಗೆ ಹೋಗುವ ಹೊತ್ತಲ್ಲ ಎಂದು ಬಾತ್‌ರೂಂ ನೀರಿನಲ್ಲೇ ವುಳೂ ಮಾಡಿ ಟೆಂಟಿನ ಮುಂದೆ ಚಾಪೆ ಹಾಸಿ ನಮಾಝ್ ಮಾಡಿದೆವು. ಬೆಳಕು ಬಿಟ್ಟ ಮೇಲೆ ಗೈಡ್ ಜೊತೆ ದಡಕ್ಕೆ ಇಳಿದರೆ ಮರಳಿನ ಮೇಲೆ ಆನೆಯ ಹೆಜ್ಜೆ. ರಾತ್ರಿ ನಾವು ಮಲಗಿದ್ದಾಗ ಬಂದು ನೀರು ಕುಡಿದು ಹೋಗಿತ್ತು. ಅಷ್ಟು ದೊಡ್ಡ ಪ್ರಾಣಿ ಬಂದದ್ದು ಗೊತ್ತೇ ಆಗಲಿಲ್ಲವಲ್ಲ ಎಂದು ಮಕ್ಕಳಿಗೆ ಸೋಜಿಗ. ಕತ್ತಲಾದ ಮೇಲೆ ದಡಕ್ಕೆ ಹೋಗಬೇಡಿ ಎಂದದ್ದು ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ಆಚೆ ದಡದ ಬಂಡೆಯ ಮೇಲೆ ನಾಲ್ಕು ನೀರುನಾಯಿಗಳು ಮೀನಿಗೆ ಜಗಳ ಆಡುತ್ತಿದ್ದವು. ಮಿಂಚುಳ್ಳಿ ಒಂದು ಬಾಣದ ಹಾಗೆ ನೀರಿಗೆ ಬಿತ್ತು.

ಗೈಡ್ ಒಂದು ಕೋಲು ನೀರಿನ ಅಂಚಿನಲ್ಲಿ ನೆಟ್ಟು ಗುರುತು ಹಾಕಿದರು. "ಅರ್ಧ ಗಂಟೆ ಬಿಟ್ಟು ನೋಡು" ಎಂದು ಅಳಿಯನಿಗೆ ಹೇಳಿದರು. ಮೇಲೆ ಅಣೆಕಟ್ಟು, ವಿದ್ಯುದಾಗಾರ ಇರುವ ಹೊಳೆಯಲ್ಲಿ ಮಳೆಗಾಲ ಅಲ್ಲದಿದ್ದರೂ ನೀರು ಏರಿಳಿಯುತ್ತದೆ. ಕಣ್ಣಳತೆಗೆ ಗೊತ್ತಾಗುವುದಿಲ್ಲ, ಕೋಲಿಗೆ ಗೊತ್ತಾಗುತ್ತದೆ. ಅಳಿಯ ಹತ್ತು ಸಲ ಹೋಗಿ ನೋಡಿದ. ನೀರು ಗುರುತಿನಿಂದ ಎರಡು ಬೆರಳು ಮೇಲೆ ಬಂದಿತ್ತು. ಅವನ ಮುಖ ಆಗ ನೋಡಬೇಕಿತ್ತು. ಎರಡು ವರ್ಷದಿಂದ ಹೊಳೆ ಅವನಿಗೆ ಸುಮ್ಮನೆ ಎಳೆದುಕೊಂಡು ಹೋಗುವ ಒಂದು ಭೂತ. ಈಗ ಅದನ್ನು ಅಳೆಯಲಿಕ್ಕೆ ಆಗುತ್ತದೆ ಎಂದು ಗೊತ್ತಾಯಿತು.

ಆಮೇಲೆ ಗೈಡ್ ನೀರನ್ನು ಓದುವುದು ಹೇಗೆ ಎಂದು ತೋರಿಸಿದರು. ನುಣ್ಣಗೆ, ಸದ್ದಿಲ್ಲದೆ ಹರಿಯುವ ಕಡೆ ಆಳ. ಗಲಗಲ ಸದ್ದು ಮಾಡುವ ಕಡೆ ಕಲ್ಲು. ದೊಡ್ಡ ಬಂಡೆಯ ಕೆಳಗಡೆ ಸುಳಿ. ಮರಳು ತೆಗೆದ ಕಡೆ ಮೇಲಿಂದ ಮಟ್ಟಸ, ಒಳಗೆ ಗುಂಡಿ, ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ತಲೆ ಮೇಲೆ. ತಲಕಾಡು, ಮುತ್ತತ್ತಿ, ಸಂಗಮ ಎಂದು ಪ್ರತಿ ಬೇಸಗೆಯಲ್ಲೂ ಪತ್ರಿಕೆಯಲ್ಲಿ ಓದುವ ಸಾವುಗಳಲ್ಲಿ ಬಹಳಷ್ಟು ಹೀಗೆಯೇ. ಒಬ್ಬ ಮುಳುಗುತ್ತಾನೆ, ಉಳಿಸಲು ಅಣ್ಣ ಹಾರುತ್ತಾನೆ, ಅವನ ಹಿಂದೆ ಭಾವ. ಒಂದು ಮನೆಯಿಂದ ಮೂರು ಜನಾಝ.

ತೆಪ್ಪ ಬಂತು. ಎಲ್ಲರೂ ಜಾಕೆಟ್ ಹಾಕಿಕೊಂಡೆವು. ಅಳಿಯ ದಡದಲ್ಲೇ ನಿಂತ. ಮಾತು ಕೊಟ್ಟಿದ್ದೆವು, ಕರೆಯಲಿಲ್ಲ. ತೆಪ್ಪ ಬಿಡುವ ಹೊತ್ತಿಗೆ ತಂಗಿಯೇ ಎದ್ದು ಬುರ್ಖಾದ ಮೇಲೆ ಜಾಕೆಟ್ ಬಿಗಿದುಕೊಂಡು, "ಬಾ, ನಾನೂ ಹತ್ತುತ್ತೇನೆ" ಎಂದು ಅವನ ಕೈ ಹಿಡಿದಳು. ಅವಳ ಕೈ ನಡುಗುತ್ತಿತ್ತು. ಅವನದ್ದೂ. ಇಬ್ಬರೂ ಕೂತರು. ತೆಪ್ಪದವರು ಹೊಳೆಯ ನಡುವೆ ಹೋಗಲಿಲ್ಲ, ದಡದ ಅಂಚಿನಲ್ಲೇ ಮೆಲ್ಲ ಒಂದು ಸುತ್ತು ಹೊಡೆದು ಬಂದರು. ವಾಪಸ್ ಬರುವಾಗ ಅಳಿಯ ಬೆರಳ ತುದಿ ನೀರಿಗೆ ಅದ್ದಿದ್ದ. ಅಷ್ಟೇ. ನಾವು ಯಾರೂ ಏನೂ ಹೇಳಲಿಲ್ಲ.

ಹೊರಡುವ ಮುಂಚೆ ನಮ್ಮ ಟೆಂಟಿನ ಸುತ್ತ ಬಿದ್ದ ಬಿಸ್ಕತ್ತಿನ ಕವರ್ ಸಹಿತ ಎಲ್ಲ ಹೆಕ್ಕಿ ಗಾಡಿಗೆ ಹಾಕಿಕೊಂಡೆವು. ಯಾರೂ ಹೇಳದೆ ಮಕ್ಕಳೇ ಹೆಕ್ಕಿದರು. ಕೊಂಬೆಯ ಮೇಲಿನ ಚೀಲ ಎಲ್ಲರ ತಲೆಯಲ್ಲಿತ್ತು.

ಊರಿಗೆ ಹೋದ ಎರಡು ವಾರದ ಮೇಲೆ ತಂಗಿ ಫೋನ್ ಮಾಡಿದಳು. "ಇವತ್ತು ಹೌಳ್ ಬದಿಯಲ್ಲಿ ಕೂತ ಅಂತೆ. ಈಜು ಕಲೀಬೇಕು ಅಂತ ಹೇಳ್ತಾನೆ. ಎಲ್ಲಿ ಕಲಿಸೋದು?" ನಮ್ಮಲ್ಲಿ ಉತ್ತರ ಇರಲಿಲ್ಲ. ಮಕ್ಕಳಿಗೆ ಕಲಿಸಬೇಕಾದ ಸಂಗತಿಗಳಲ್ಲಿ ಈಜನ್ನೂ ಸೇರಿಸಿದ ದೀನ್ ನಮ್ಮದು ಎಂದು ಮದ್ರಸದಲ್ಲಿ ಪಾಠ ಮಾಡುತ್ತೇವೆ. ಆದರೆ ನೂರು ಮಕ್ಕಳಿರುವ ಒಂದು ಮಹಲ್ಲಿನಲ್ಲಿ ಎಷ್ಟು ಮಕ್ಕಳಿಗೆ ಈಜು ಬರುತ್ತದೆ ಎಂದು ಲೆಕ್ಕ ಹಾಕಿದವರು ಯಾರು? ರಜೆಯಲ್ಲಿ ಒಂದು ಕೊಳ, ಒಬ್ಬ ಈಜು ಬಲ್ಲವರು, ನಾಲ್ಕು ಜಾಕೆಟ್, ವಾರಕ್ಕೆ ಎರಡು ದಿನ. ಜಮಾಅತ್ ಮನಸ್ಸು ಮಾಡಿದರೆ ದೊಡ್ಡ ಖರ್ಚಲ್ಲ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಕಲಿಸಲು ಹೆಂಗಸರು ಇದ್ದರೆ ಅವರೂ ಕಲಿಯಬಹುದು. ಈ ಪುಟ ಓದುವ ಮಹಲ್ಲಿನ ಹಿರಿಯರು ಮುಂದಿನ ಮೀಟಿಂಗಿನಲ್ಲಿ ಇದನ್ನು ಒಮ್ಮೆ ಮಾತಿಗೆ ತರಲಿ ಎಂಬುದು ನಮ್ಮ ಕೋರಿಕೆ.

ಹೊಳೆಬದಿಗೆ ಹೊರಡುವವರಿಗೆ

ರಾತ್ರಿ ತಂಗುವುದಿದ್ದರೆ ಅನುಮತಿ ಇರುವ ಕ್ಯಾಂಪಿಗೆ ಮಾತ್ರ ಹೋಗಿ, ಮುಂಚಿತವಾಗಿ ಬುಕ್ ಮಾಡಿ. ಡಿಸೆಂಬರಿನಿಂದ ಫೆಬ್ರವರಿ ತನಕ ಹವೆ ಹಿತ.

ಬುಕ್ ಮಾಡುವಾಗಲೇ ಊಟದ ವಿಷಯ ಹೇಳಿಬಿಡಿ. ಮಾಂಸದ ಬಗ್ಗೆ ಸಂಶಯ ಇದ್ದರೆ ಎರಡು ಹೊತ್ತು ತರಕಾರಿ ಉಂಡರಾಯಿತು. ನಾವು ಹಾಗೆ ಮಾಡಿದೆವು.

ಜೂನ್‌ನಿಂದ ಅಕ್ಟೋಬರ್ ತನಕ ಕಬಿನಿ, ಕಾವೇರಿ ದಡದಲ್ಲಿ ಊಟಕ್ಕೆ ಕೂರುವ ಮುಂಚೆ ಸ್ಥಳೀಯರೊಬ್ಬರನ್ನು ಕೇಳಿ: ಅಣೆಕಟ್ಟಿಂದ ನೀರು ಬಿಟ್ಟಿದ್ದಾರಾ? ಆಕಾಶ ನೋಡಿ ತೀರ್ಮಾನ ಮಾಡಬೇಡಿ.

ನೀರಿನ ಅಂಚಿಗೆ ಒಂದು ಕೋಲು ನೆಡಿ. ಗುರುತು ಮುಳುಗಿದರೆ ಮಕ್ಕಳನ್ನು ಮೇಲೆ ಕರೆಯಿರಿ. ದೊಡ್ಡವರಲ್ಲಿ ಒಬ್ಬರು ಮೊಬೈಲ್ ಬದಿಗಿಟ್ಟು ಮಕ್ಕಳನ್ನು ನೋಡುವ ಕೆಲಸವನ್ನೇ ಮಾಡಲಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಹಗ್ಗ, ಸೀರೆ, ಶಾಲು, ಉದ್ದ ಕೋಲು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೆ ಅದನ್ನು ಹಿಡಿದು ತೇಲಬಹುದು. ಕೂಗಿ ಜನ ಕರೆಯಿರಿ, 112ಕ್ಕೆ ಫೋನ್ ಮಾಡಿ.

ಗಾಡಿಯಲ್ಲಿ ಒಂದು ಗೋಣಿ ಇರಲಿ. ತಂದ ಕಸ ಅದರಲ್ಲಿ ತುಂಬಿ ಮನೆಗೇ ವಾಪಸ್ ತನ್ನಿ. ಹೊಳೆಗೆ ಬಿಟ್ಟದ್ದು ಕೆಳಗಿನ ಊರಿನವರ ಮರದಲ್ಲಿ ನೇತಾಡುತ್ತದೆ.